ಮೈಸೂರು ಅರಮನೆಯಲ್ಲಿ ಮೊದಲು ಕಂಬ ನೋಡಿ

ಮೈಸೂರು ಅರಮನೆ ನೋಡಿದ ಎಷ್ಟೋ ಜನ ಅದು ನಾಲ್ಕೈದು ನೂರು ವರ್ಷ ಹಳೆಯದು ಅಂದುಕೊಂಡೇ ಮನೆಗೆ ಬರುತ್ತಾರೆ. ಅಲ್ಲ. ಈಗ ನಿಂತಿರುವ ಕಟ್ಟಡ ಮುಗಿದದ್ದು 1912ರಲ್ಲಿ. ಹೊಸ ಕಾಲದ ಕಟ್ಟಡ ಅದು, ಹಾಗೆಯೇ ನೋಡಬೇಕು. ಹೇಗೆ ಅಂತ ಹೇಳ್ತೀನಿ.

ಮೊದಲು ಬೆಂಕಿಯ ಕಥೆ ತಲೆಯಲ್ಲಿರಲಿ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಗ ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. ಖರ್ಚು 41 ಲಕ್ಷ ರೂಪಾಯಿ ದಾಟಿತು. ಒಮ್ಮೆ ಬೆಂಕಿ ಕಂಡ ಮನೆಯವರು ಮತ್ತೆ ಪೂರ್ತಿ ಮರವನ್ನೇ ನಂಬುತ್ತಾರಾ? ಕಲ್ಲು, ಇಟ್ಟಿಗೆ, ಕಬ್ಬಿಣ ಬಂದವು.

ಹೊರಗೆ ಹತ್ತು ನಿಮಿಷ ಸಾಕು. ಬೂದು ಬಣ್ಣದ ಕಲ್ಲು, ಗುಲಾಬಿ ಗುಮ್ಮಟಗಳು, 145 ಅಡಿ ಎತ್ತರದ ಗೋಪುರ. ನಡುವಿನ ದೊಡ್ಡ ಕಮಾನಿನ ಮೇಲೆ ಗಜಲಕ್ಷ್ಮಿ ಇದ್ದಾಳೆ, ಅವಳನ್ನು ಮಾತ್ರ ತಪ್ಪಿಸಬೇಡಿ.

ಚಪ್ಪಲಿ ಬಿಟ್ಟು ಒಳಗೆ ಹೋದಮೇಲೆ ನಿಮ್ಮ ಸಮಯ ಪೂರ್ತಿ ಕಲ್ಯಾಣ ಮಂಟಪಕ್ಕೆ ಇಡಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಜನ ಕಮ್ಮಿ, ಹಿಂದಿನಿಂದ ಯಾರೂ ತಳ್ಳುವುದಿಲ್ಲ. ಎಂಟು ಮೂಲೆಯ ಹಜಾರ ಅದು. ಎಲ್ಲರೂ ಒಟ್ಟಿಗೆ ತಲೆ ಎತ್ತಿ ಬಣ್ಣದ ಗಾಜಿನ ಚಾವಣಿ ನೋಡ್ತಾರೆ. ನೀವು ಸ್ವಲ್ಪ ತಡೆದುಕೊಂಡು ಮೊದಲು ಮೂಲೆಗಳನ್ನು ನೋಡಿ. ಅಲ್ಲಿ ಮೂರು ಮೂರು ಕಂಬ ಜೊತೆಯಾಗಿ ನಿಂತಿವೆ, ಒಂದೊಂದೂ ಎಷ್ಟು ಸಪೂರ ಅಂದರೆ ಕಲ್ಲಿನದಾಗಿದ್ದರೆ ಅಷ್ಟು ಎತ್ತರಕ್ಕೆ ಆ ದಪ್ಪ ಸಾಕಾಗುತ್ತಲೇ ಇರಲಿಲ್ಲ. ಅವು ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಬೀಡು ಕಬ್ಬಿಣದ ಕಂಬಗಳು. ಮೇಲಿನಿಂದ ಒತ್ತುವ ಭಾರವನ್ನು ಬೀಡು ಚೆನ್ನಾಗಿ ತಡೆಯುತ್ತದೆ, ಆದ್ದರಿಂದ ಕಂಬ ಸಣ್ಣದಾದರೂ ನಡೆಯುತ್ತದೆ.

ಈಗ ಮೇಲೆ ನೋಡಿ. ಗಾಜನ್ನು ಹಿಡಿದಿರುವ ಕಬ್ಬಿಣದ ಪಟ್ಟಿಗಳನ್ನು ಕಣ್ಣಿನಲ್ಲೇ ಹಿಂಬಾಲಿಸಿ, ಅವು ಇಳಿದು ಬಂದು ಅದೇ ಕಂಬಗಳ ಮೇಲೆ ಭಾರ ಹಾಕುತ್ತವೆ. ಚೌಕಟ್ಟು ಕಬ್ಬಿಣದ್ದು ಆದ್ದರಿಂದಲೇ ಚಾವಣಿ ಗಾಜಿನದಾಯಿತು, ಚಾವಣಿ ಗಾಜಿನದು ಆದ್ದರಿಂದಲೇ ಹಜಾರದ ನಡುವಿಗೂ ಹಗಲು ಬೆಳಕು ಬೀಳುತ್ತದೆ. ಗಾಜಿನ ತುಂಬ ನವಿಲು. ನೆಲದ ಟೈಲ್ಸಿನಲ್ಲೂ ನವಿಲೇ.

ಇದೇ ಹೊತ್ತಿಗೆ, 1909ರಲ್ಲಿ, ಬರ್ಲಿನ್‌ನಲ್ಲಿ ಪೀಟರ್ ಬೆಹ್ರೆನ್ಸ್ ಎಂಬ ವಾಸ್ತುಶಿಲ್ಪಿ ಒಂದು ಟರ್ಬೈನ್ ಕಾರ್ಖಾನೆ ಕಟ್ಟಿದ. ಅಲ್ಲೂ ಲೋಹ, ಗಾಜು. ಆದರೆ ಅಲ್ಲಿ ಉಕ್ಕನ್ನು ಹಾಗೇ ಬರಿದಾಗಿ ತೋರಿಸಿದರು, ನಮ್ಮಲ್ಲಿ ಅದಕ್ಕೆ ಬಣ್ಣ ಬಳಿದು ನವಿಲಿನ ಜೊತೆ ಕೂರಿಸಿದರು. ಬರ್ಲಿನ್ನಿನದು ಮುಂದುವರಿದದ್ದು, ಮೈಸೂರಿನದು ಹಳೇ ರುಚಿ ಅಂತ ಸುಮ್ನೆ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಮದುವೆ ನಡೆಯುವ ಜಾಗ ಇದು, ಕಾರ್ಖಾನೆ ಅಲ್ಲವಲ್ಲ.

ಕಣ್ಣಿಗೆ ಹೋಲಿಕೆ ಬೇಕಾದರೆ ದರ್ಬಾರ್ ಹಾಲ್‌ನ ದಪ್ಪ ಕಂಬಗಳ ಪಕ್ಕ ನಿಂತು ಬನ್ನಿ. ಆಮೇಲೆ ಹತ್ತಿರದಲ್ಲೇ ಇರುವ ಜಗನ್ಮೋಹನ ಅರಮನೆಗೆ ಹೋಗಿ. ಬೆಂಕಿಗಿಂತ ಮುಂಚಿನದು ಅದು, 1861ರದು. ಹೊಸ ಅರಮನೆ ಇನ್ನೂ ಮುಗಿದಿರಲಿಲ್ಲ ಅಂತ 1902ರಲ್ಲಿ ಆ ಮಹಾರಾಣಿಯ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿದ್ದು ಅಲ್ಲೇ.