ರಿಂಗಿನಿಂದ ಶುರುವಾಗುವ ಸ್ಟೀಲ್ ಲೆಕ್ಕ

ಕಟ್ಟಡದ ಚದರಡಿಗೆ ಇಷ್ಟು ಕೆಜಿ ಸ್ಟೀಲ್ ಎಂಬ ಅಂದಾಜು ಟೆಂಡರಿನ ಮೊದಲ ಸುತ್ತಿಗೆ ಸಾಕು, ಮಾಲು ತರಿಸಲು ಸಾಲದು. ಪುಣೆಯ ವಾಕಡ್, ತಾಥವಡೆ ಕಡೆಯ ಸೈಟುಗಳಿಗೆ ಬಿಬಿಎಸ್ (ಯಾವ ಸರಳು, ಎಷ್ಟು ಉದ್ದ, ಎಷ್ಟು ಸಂಖ್ಯೆ ಎಂಬ ಪಟ್ಟಿ) ಹಾಕುವಾಗ ನಾನು ರಿಂಗಿನಿಂದ, ಅಂದರೆ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ 8 ಎಂಎಂ ಚೌಕಟ್ಟಿನಿಂದ ಶುರು ಮಾಡುತ್ತೇನೆ. ದಪ್ಪ ಸರಳುಗಳ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ. ಕಿಲೋಗಟ್ಟಲೆ ವ್ಯತ್ಯಾಸ ಬರುವುದು 8 ಎಂಎಂನಲ್ಲೇ.

230×450 ಬೀಮ್, ಕವರ್ (ಸ್ಟೀಲನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) 25 ಎಂದುಕೊಳ್ಳಿ, ಅಳತೆಗಳು ಎಂಎಂನಲ್ಲಿ. ರಿಂಗಿನ ಹೊರ ಅಳತೆ 180×400, ಸುತ್ತಳತೆ 1160. ಎರಡು ಹುಕ್ಕಿಗೆ ತಲಾ 10ಡಿ (ಡಿ ಎಂದರೆ ಸರಳಿನ ದಪ್ಪ, ಇಲ್ಲಿ 8), ಅಂದರೆ 160 ಕೂಡಿಸಿ. 90 ಡಿಗ್ರಿಯ ಮೂರು ಬೆಂಡಿಗೆ ತಲಾ 2ಡಿ, 135ರ ಎರಡಕ್ಕೆ ತಲಾ 3ಡಿ, ಒಟ್ಟು 96 ಕಳೆಯಿರಿ. 1224 ಬಂತು, 1225 ಹಿಡಿಯುತ್ತೇನೆ. ಬೆಂಡಿನದು ಕಳೆಯದೆ ಬಿಟ್ಟರೆ ಪ್ರತಿ ರಿಂಗಿಗೂ ಸುಮಾರು 8 ಶೇಕಡಾ ಹೆಚ್ಚು ಸ್ಟೀಲ್ ಬರೆದಂತೆ.

ರಿಂಗುಗಳ ಎಣಿಕೆಯಲ್ಲಿ ಇದರ ಉಲ್ಟಾ, ಕಡಿಮೆ ಬರೆದಂತೆ ಆಗುತ್ತದೆ. ನಾಲ್ಕು ಮೀಟರ್ ಕ್ಲಿಯರ್ ಸ್ಪ್ಯಾನಿಗೆ (ಕಾಲಮ್ಮಿನ ಮುಖದಿಂದ ಮುಖಕ್ಕೆ) 150 ಅಂತರದಂತೆ ಭಾಗಿಸಿ ಒಂದು ಕೂಡಿಸಿದರೆ 28. ಆದರೆ ಡ್ರಾಯಿಂಗಿನಲ್ಲಿ ಎರಡೂ ತುದಿಗೆ 2ಡಿ ದೂರದವರೆಗೆ 100 ಅಂತರ ಇದ್ದೇ ಇರುತ್ತದೆ (ಈ 'ಡಿ' ಬೀಮಿನ ಎಫೆಕ್ಟಿವ್ ಡೆಪ್ತ್, ಅಂದರೆ ಮೇಲಂಚಿನಿಂದ ಕೆಳಗಿನ ಸರಳಿನ ನಡುವಿನವರೆಗಿನ ಆಳ, ಸರಳಿನ ದಪ್ಪವಲ್ಲ). ಮೊದಲ ರಿಂಗ್ ಕಾಲಮ್ಮಿನ ಮುಖದಿಂದ 50ಕ್ಕೆ, ಅಲ್ಲಿಂದ 850ರವರೆಗೆ 9, ಆಚೆ ತುದಿಗೂ 9, ನಡುವೆ 15. ಒಟ್ಟು 33. ಒಂದು ಬೀಮಿಗೆ ಐದು ರಿಂಗ್, ಸುಮಾರು 2.4 ಕೆಜಿ ಕೊರತೆ. ಒಂದು ಮಹಡಿಗೆ ಇಂಥ 40 ಬೀಮ್ ಇದ್ದರೆ ಹತ್ತಿರಹತ್ತಿರ ಒಂದು ಕ್ವಿಂಟಲ್.

ಇನ್ನು ಕಟಿಂಗ್. 12 ಮೀಟರ್ ಸರಳಿಗೆ ಈ ರಿಂಗ್ 9 ಬರುತ್ತವೆ, 975 ಉಳಿಯುತ್ತದೆ. ಕಲಬುರಗಿ ಕಡೆಯ ಫಿಟ್ಟರುಗಳು ಅದನ್ನೇ ಕೇಳುತ್ತಾರೆ: "ಸಾಹೇಬ್ರ, ಉಳಿದ ತುಂಡು ಏನ್ ಮಾಡೂಣ್ರಿ?" ಉತ್ತರ ಬಿಬಿಎಸ್‌ನಲ್ಲೇ ಇರಬೇಕು. 230 ಅಗಲದ ಕಾಲಮ್ಮಿಗೆ 40 ಕವರಿನಲ್ಲಿ ಪಿನ್ (ಎದುರುಬದುರಿನ ಸರಳುಗಳನ್ನು ಹಿಡಿಯುವ ಅಡ್ಡ ಕೊಂಡಿ) ಸುಮಾರು 280. ಆ ತುಂಡಿಗೆ ಮೂರು ಕೂರುತ್ತವೆ. ಪಿನ್ನುಗಳನ್ನು ಬೇರೆ ಸಾಲಿನಲ್ಲಿ ಹೊಸ ಸರಳೆಂದು ಬರೆದರೆ ತುಂಡುಗಳು ಭಂಗಾರಕ್ಕೆ (ಗುಜರಿಗೆ) ಹೋಗುತ್ತವೆ. ಹಾಗಾಗಿ ಎಲ್ಲಕ್ಕೂ ಒಂದೇ 3 ಶೇಕಡಾ ವೇಸ್ಟೇಜ್ ಹಾಕುವುದು ನನಗೆ ಒಪ್ಪುವುದಿಲ್ಲ. ವ್ಯಾಸದ ಪ್ರಕಾರ ಕಟಿಂಗ್ ಪ್ಲಾನ್ ಮಾಡಿದರೆ ವೇಸ್ಟೇಜ್ ಎಷ್ಟೆಂದು ಅದೇ ಹೇಳುತ್ತದೆ.

ಕಾಲಮ್ಮಿನಲ್ಲಿ ನೋಡಬೇಕಾದದ್ದು ಲ್ಯಾಪ್, ಅಂದರೆ ಜೋಡಿಸುವಲ್ಲಿ ಎರಡು ಸರಳು ಪಕ್ಕಪಕ್ಕ ಹಾಯುವ ಉದ್ದ. ಎಂ25 ಕಾಂಕ್ರೀಟ್, ಎಫ್‌ಇ500 ಸರಳಿಗೆ ಟೆನ್ಷನ್ ಡೆವಲಪ್‌ಮೆಂಟ್ ಲೆಂತ್ (ಎಳೆದರೂ ಸರಳು ಕಾಂಕ್ರೀಟಿನಿಂದ ಜಾರದಿರಲು ಬೇಕಾದ ಉದ್ದ) ಸುಮಾರು 49ಡಿ, ಲ್ಯಾಪಿಗೆ 50ಡಿ ಹಿಡಿಯುತ್ತೇನೆ; ಇಲ್ಲಿ ಡಿ ಮತ್ತೆ ಸರಳಿನ ದಪ್ಪ. ಮಹಡಿ ಎತ್ತರ 3 ಮೀಟರ್ ಇದ್ದರೆ 20 ಎಂಎಂ ಸರಳಿಗೆ 4 ಮೀಟರ್ ಕಟಿಂಗ್, ಒಂದು ಸರಳಿಗೆ ಸರಿಯಾಗಿ ಮೂರು, ಏನೂ ಉಳಿಯದು. 16 ಎಂಎಂನಲ್ಲಿ 3.8 ಮೀಟರಿನಂತೆ ಮೂರು ಹೋಗಿ 600 ಎಂಎಂ ಉಳಿಯುತ್ತದೆ. ಒಟ್ಟು ಉದ್ದವನ್ನು 12ರಿಂದ ಭಾಗಿಸಿ ಲ್ಯಾಪ್ ಎಣಿಸುವವರಿದ್ದಾರೆ. ಕಾಲಮ್ಮಿಗೆ ಅದು ನಡೆಯದು, ಮಹಡಿಗೊಂದು ಲ್ಯಾಪ್ ಬಂದೇ ಬರುತ್ತದೆ. ಲ್ಯಾಪ್ ಕಾಲಮ್ಮಿನ ನಡುಭಾಗದಲ್ಲಿ ಬರಬೇಕಾದ್ದರಿಂದ ಫುಟಿಂಗಿನ ಸ್ಟಾರ್ಟರ್ (ಪಾಯದಿಂದ ಮೇಲೆದ್ದು ಬರುವ ಮೊದಲ ಸರಳು) ಬೇರೆ ಉದ್ದ, ಅದಕ್ಕೆ ಬೇರೆ ಸಾಲು.

ಸ್ಲ್ಯಾಬಿನಲ್ಲಿ ಮರೆತುಹೋಗುವುದು ಸಪೋರ್ಟಿನ ಮೇಲಿನ ಎಕ್ಸ್‌ಟ್ರಾ ಸರಳು ಮತ್ತು ಚೇರ್ (ಮೇಲಿನ ಸರಳುಗಳನ್ನು ಎತ್ತಿ ಹಿಡಿಯುವ ಬಗ್ಗಿಸಿದ ತುಂಡು). ಚೇರ್ ಬಹಳಷ್ಟು ಡ್ರಾಯಿಂಗಿನಲ್ಲಿ ಇರುವುದೇ ಇಲ್ಲ; ಚದರ ಮೀಟರಿಗೆ ಒಂದರಂತೆ ಸೇರಿಸಿ. ಬೈಂಡಿಂಗ್ ವೈರ್ ಟನ್ನಿಗೆ 8ರಿಂದ 10 ಕೆಜಿ.

ಮೀಟರಿಗೆ ಎಷ್ಟು ಕೆಜಿ ಎನ್ನಲು ಡಿ²/162: 8ಕ್ಕೆ 0.395, 10ಕ್ಕೆ 0.617, 12ಕ್ಕೆ 0.89, 16ಕ್ಕೆ 1.58, 20ಕ್ಕೆ 2.47. ಇದು ಪುಸ್ತಕದ ತೂಕ. ಸರಳುಗಳ ಭಾರತೀಯ ಮಾನಕ ಐಎಸ್ 1786 ಪ್ರಕಾರ 10 ಎಂಎಂವರೆಗೆ 7, ಅದರ ಮೇಲೆ 16ರವರೆಗೆ 5, ಇನ್ನೂ ದಪ್ಪಕ್ಕೆ 3 ಶೇಕಡಾ ಆಚೀಚೆ ಆಗಬಹುದು. ಲೆಕ್ಕದ ಪ್ರಕಾರ 8 ಎಂಎಂ ಒಂದು ಟನ್ ಎಂದರೆ 12 ಮೀಟರಿನ 211 ಸರಳು, ಮೀಟರಿಗೆ 0.370 ತೂಗುವ ಮಾಲಾದರೆ 225. ಹಾಗಾಗಿ ಜಾಲನಾದ ಸ್ಟೀಲ್ ಗಾಡಿ ಕಾಟಾ (ವೇಬ್ರಿಜ್ ತೂಕ) ಮಾಡಿಸಿ ಬಂದ ಮೇಲೂ ಬಂಡಲಿನ ಸರಳು ಎಣಿಸಿ, ಒಂದು ಮೀಟರ್ ತುಂಡು ಕತ್ತರಿಸಿ ತೂಗಿಸುತ್ತೇನೆ. ಸಪ್ಲೈಯರ್ ಬಿಲ್ ಕಾಟಾ ತೂಕದ್ದು, ಕಂಟ್ರಾಕ್ಟರ್ ಬಿಲ್ ಪುಸ್ತಕದ ತೂಕದ್ದು. ತಿಂಗಳ ಕೊನೆಗೆ ಎರಡೂ ಹೊಂದದಿದ್ದಾಗ ಕಳ್ಳತನ ಎನ್ನುವ ಮೊದಲು ತೆಗೆದು ನೋಡಬೇಕಾದದ್ದು ಆ ತುಂಡಿನ ತೂಕ.