ಒಂದು ಆರ್ಡರಿನ ಬೆನ್ನುಹತ್ತಿ: ವ್ಯವಹಾರಕ್ಕೆ ಮಾಹಿತಿ ವ್ಯವಸ್ಥೆ ಹೇಗೆ ಆಸರೆಯಾಗುತ್ತದೆ ಎಂದು ಕಲಿಯುವ ಬಗೆ

ಬಿ.ಕಾಂ., ಬಿಬಿಎ ಅಥವಾ ಎಂಬಿಎ ತರಗತಿಗಳಲ್ಲಿ ಮಾಹಿತಿ ವ್ಯವಸ್ಥೆಯ ಪಾಠ ಸಾಮಾನ್ಯವಾಗಿ ಹಾರ್ಡ್‌ವೇರ್, ಸಾಫ್ಟ್‌ವೇರ್, ನೆಟ್‌ವರ್ಕ್ ಎಂಬ ಕ್ರಮದಲ್ಲಿ ಸಾಗುತ್ತದೆ. ವ್ಯವಹಾರದ ಮಾತು ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಈ ಕ್ರಮವನ್ನು ತಿರುವಿ ಹಾಕುವುದು ಒಳ್ಳೆಯದು. ಮೊದಲು ಒಂದು ವ್ಯವಹಾರವನ್ನು, ಅದರಲ್ಲೂ ಒಂದೇ ಒಂದು ಆರ್ಡರನ್ನು ಆರಿಸಿಕೊಂಡು, ಅದು ಬಂದ ಗಳಿಗೆಯಿಂದ ಹಣ ಜಮೆಯಾಗುವವರೆಗೆ ಬೆನ್ನುಹತ್ತಿ ನೋಡಬೇಕು. ಯಂತ್ರದ ಕಲಿಕೆ ಅದರ ನಂತರ ಬರಲಿ. ನಮ್ಮ ಭಾಗದ ವಿದ್ಯಾರ್ಥಿಗೆ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳು (ಲೋಹದ ಎರಕದ ಕಾರ್ಖಾನೆಗಳು), ಇಳಕಲ್ಲಿನ ಸೀರೆ ವ್ಯಾಪಾರ, ರಬಕವಿ-ಬನಹಟ್ಟಿಯ ಮಗ್ಗಗಳು, ವಿಜಯಪುರದ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ಗಳು, ಇವುಗಳಲ್ಲಿ ಯಾವುದನ್ನು ಹಿಡಿದರೂ ಒಂದು ಪಠ್ಯಪುಸ್ತಕಕ್ಕೆ ಸಾಕಾಗುವಷ್ಟು ವಿಷಯವಿದೆ.

ಕಂಪ್ಯೂಟರ್ ಬರುವುದಕ್ಕೆ ಮೊದಲೂ ವ್ಯವಹಾರಕ್ಕೆ ಮಾಹಿತಿ ವ್ಯವಸ್ಥೆ ಇತ್ತು ಎಂಬುದನ್ನು ಆರಂಭದಲ್ಲೇ ಮನಗಾಣಬೇಕು. ದೀಪಾವಳಿಯ ಪಾಡ್ಯದಂದು ಪೂಜೆಗೊಳ್ಳುವ ಖಾತೆ ಪುಸ್ತಕಗಳೇ ಅದಕ್ಕೆ ಸಾಕ್ಷಿ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿ ಕೀರ್ದಿಗೆ ಬರೆದು, ಸಂಜೆ ಗುಮಾಸ್ತ ಕುಳಿತು ಅದನ್ನು ಗಿರಾಕಿವಾರು ಖತಾವಣಿಗೆ ಏರಿಸುತ್ತಿದ್ದ. ಒಮ್ಮೆ ದಾಖಲಾದ ಘಟನೆಯನ್ನು ಬೇರೊಂದು ಪ್ರಶ್ನೆಗೆ ತಕ್ಕಂತೆ ಮರುಜೋಡಿಸುವುದೇ ಇದರ ಸಾರ, ಡೇಟಾಬೇಸ್ ಮಾಡುವುದೂ ಇದನ್ನೇ. ಆದರೆ ಖತಾವಣಿಯನ್ನು ಒಂದೇ ಬಗೆಯಲ್ಲಿ ಜೋಡಿಸಲು ಸಾಧ್ಯವಿತ್ತು. ಯಾವ ಗಿರಾಕಿಯಿಂದ ಎಷ್ಟು ಉದ್ರಿ ಬರಬೇಕು ಎಂಬುದಕ್ಕೆ ಕ್ಷಣದಲ್ಲಿ ಉತ್ತರ ಸಿಗುತ್ತಿತ್ತು. ಯಾವ ಮಾಲು ಮೂರು ತಿಂಗಳಿಂದ ಕದಲದೆ ಕುಳಿತಿದೆ ಎಂದು ಕೇಳಿದರೆ ಇಡೀ ಪುಸ್ತಕವನ್ನು ಮಗುಚಿ ಹಾಕಬೇಕಾಗುತ್ತಿತ್ತು. ತಂತ್ರಜ್ಞಾನವು ವ್ಯವಹಾರಕ್ಕೆ ಕೊಡುವ ಮುಖ್ಯ ಬಲ ಈ ಎರಡನೆಯ ಬಗೆಯ ಪ್ರಶ್ನೆಯಲ್ಲಿದೆ.

ಆರ್ಡರಿನ ಹಾದಿ

ಉದಾಹರಣೆಗೆ ಫೌಂಡ್ರಿಯೊಂದನ್ನು ತೆಗೆದುಕೊಳ್ಳೋಣ. ಮಾಲಕರ ಅನುಮತಿ ಪಡೆದು, ದರ ಮತ್ತು ಗಿರಾಕಿಗಳ ಹೆಸರುಗಳನ್ನು ಹೊರಗೆ ಒಯ್ಯುವುದಿಲ್ಲವೆಂದು ಮಾತು ಕೊಟ್ಟು, ಎರಕ ಹೊಯ್ಯುವ ಹೊತ್ತನ್ನು ಬಿಟ್ಟು ಬೇರೆ ವೇಳೆಯಲ್ಲಿ ಹೋಗಬೇಕು. ಕರಗಿದ ಕಬ್ಬಿಣ ಲ್ಯಾಡಲಿನಲ್ಲಿರುವಾಗ ಯಾರೂ ನಿಮ್ಮ ಪ್ರಶ್ನೆಗೆ ಉತ್ತರಿಸಲಾರರು, ಉತ್ತರಿಸಲೂ ಬಾರದು.

ಪಂಪ್ ತಯಾರಿಸುವ ಕಂಪನಿಯೊಂದರಿಂದ 200 ಬಿಡಿಭಾಗಗಳಿಗೆ ಪರ್ಚೇಸ್ ಆರ್ಡರ್ ಬಂತೆಂದು ಇಟ್ಟುಕೊಳ್ಳಿ. ಅದು ಮೇಲ್‌ನಲ್ಲಿ ಬಂದಿರಬಹುದು, ವಾಟ್ಸ್ಆ್ಯಪ್‌ನಲ್ಲಿ ಬಂದಿರಬಹುದು, ಫೋನಿನಲ್ಲಿ ಹೇಳಿದ್ದನ್ನು ಚೀಟಿಯ ಮೇಲೆ ಗೀಚಿಕೊಂಡಿರಬಹುದು. ಎಲ್ಲಿ ಬಂತು, ಅದನ್ನು ಯಾರು ಮೊದಲು ಬರೆದುಕೊಂಡರು ಎಂಬುದು ನಿಮ್ಮ ಮೊದಲ ಟಿಪ್ಪಣಿ. ಆ ಭಾಗದ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಸ್ಟೋರಿನಲ್ಲಿದೆಯೇ, ರಿಪೇರಿಗೆ ಹೋಗಿದೆಯೇ ಎಂಬುದನ್ನು ಮುಂದೆ ನೋಡಬೇಕಾಗುತ್ತದೆ. ಪ್ಯಾಟರ್ನ್ ಅನೇಕ ವೇಳೆ ಗಿರಾಕಿಯದೇ ಸ್ವತ್ತಾಗಿರುವುದರಿಂದ ಅದಕ್ಕೆ ಪ್ರತ್ಯೇಕ ರಿಜಿಸ್ಟರ್ ಬೇಕು. ಆಮೇಲೆ ಕೋರ್ (ಎರಕದೊಳಗೆ ಟೊಳ್ಳು ಉಳಿಸುವ ಮರಳಿನ ತುಂಡು), ಮೋಲ್ಡ್ (ಮರಳಿನ ಅಚ್ಚು), ಫರ್ನೇಸ್ (ಕುಲುಮೆ). ಫರ್ನೇಸಿನ ಬಳಿ ಒಂದು ಚಾರ್ಜ್ ಶೀಟ್ ಇರುತ್ತದೆ: ಪಿಗ್ ಐರನ್ ಎಷ್ಟು, ಸ್ಕ್ರ್ಯಾಪ್ ಎಷ್ಟು, ಹಿಂದಿನ ಎರಕದಿಂದ ಉಳಿದ ರನ್ನರ್ ಮತ್ತು ರೈಸರ್ (ಅಚ್ಚಿಗೆ ಲೋಹ ಹರಿಸುವ, ತುಂಬಿಸುವ ದಾರಿಗಳಲ್ಲಿ ಗಟ್ಟಿಯಾದ ಲೋಹ) ಎಷ್ಟು ಎಂಬುದು ಅದರಲ್ಲಿ ದಾಖಲಾಗುತ್ತದೆ. ಕರಗಿದ ಲೋಹದ ಮಾದರಿಯನ್ನು ಸ್ಪೆಕ್ಟ್ರೋಮೀಟರಿನಲ್ಲಿ ಪರೀಕ್ಷಿಸಿ ಇಂಗಾಲ, ಸಿಲಿಕಾನ್, ಮ್ಯಾಂಗನೀಸ್ ಪ್ರಮಾಣವನ್ನು ಬರೆದಿಡುತ್ತಾರೆ.

ಇಲ್ಲಿ ಆ ಒಂದು ಸಲದ ಕರಗುವಿಕೆಗೆ ಕೊಡುವ ಹೀಟ್ ನಂಬರನ್ನು ಗಮನವಿಟ್ಟು ನೋಡಬೇಕು. ಮಾಹಿತಿ ವ್ಯವಸ್ಥೆ ಎಂದರೇನು ಎಂಬುದನ್ನು ಈ ಪುಟ್ಟ ಸಂಖ್ಯೆಯಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಕಲಿಸಲಾರದು. ಆರು ತಿಂಗಳ ನಂತರ ಗಿರಾಕಿಯ ಬಳಿ ಒಂದು ಭಾಗ ಸೀಳಿದರೆ, ಅದರ ಹೀಟ್ ನಂಬರನ್ನು ಹಿಡಿದು ಆ ದಿನದ ಲೋಹದ ಪರೀಕ್ಷೆ, ಬಳಸಿದ ಸ್ಕ್ರ್ಯಾಪ್, ಕೆಲಸದಲ್ಲಿದ್ದ ಪಾಳಿ, ಅದೇ ಹೀಟಿನ ಉಳಿದ ಭಾಗಗಳು ಯಾರ್ಯಾರಿಗೆ ಹೋಗಿವೆ ಎಂಬುದೆಲ್ಲವನ್ನೂ ಹುಡುಕಲು ಸಾಧ್ಯ. ಆ ಸಂಖ್ಯೆ ಫರ್ನೇಸಿನ ಪುಸ್ತಕದಲ್ಲಿದ್ದು, ಡಿಸ್ಪ್ಯಾಚ್ ಚಲನ್‌ನಲ್ಲಿ ಇಲ್ಲದಿದ್ದರೆ ಕೊಂಡಿ ಅಲ್ಲೇ ಕಡಿಯುತ್ತದೆ. ಆಗ ಎಷ್ಟೇ ಬೆಲೆಯ ಸಾಫ್ಟ್‌ವೇರ್ ಇದ್ದರೂ ಉತ್ತರ ಸಿಗುವುದಿಲ್ಲ.

ಫೆಟ್ಲಿಂಗ್ (ಹೆಚ್ಚುವರಿ ಲೋಹವನ್ನು ಕತ್ತರಿಸಿ ತೆಗೆಯುವುದು), ಶಾಟ್ ಬ್ಲಾಸ್ಟಿಂಗ್ (ಲೋಹದ ಕಣಗಳನ್ನು ಚಿಮ್ಮಿಸಿ ಮೇಲ್ಮೈ ಶುಚಿಮಾಡುವುದು), ತಪಾಸಣೆಯ ನಂತರ ಮಾಲು ಮಷೀನಿಂಗ್‌ಗಾಗಿ ಪಕ್ಕದ ವರ್ಕ್‌ಶಾಪಿಗೆ ಜಾಬ್ ವರ್ಕಿನ ಮೇಲೆ, ಅಂದರೆ ಮಾಲು ನಮ್ಮದೇ ಆಗಿದ್ದು ಕೂಲಿಗೆ ಮಾತ್ರ ಕೆಲಸ ಮಾಡಿಸುವ ಕರಾರಿನ ಮೇಲೆ, ಹೋಗಬಹುದು. ಹೀಗೆ ಹೋದ ಮಾಲು ಜಿಎಸ್‌ಟಿ ಕಾನೂನಿನ ಪ್ರಕಾರ ಒಂದು ವರ್ಷದೊಳಗೆ ಮರಳಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಆದ್ದರಿಂದ ಚಲನ್‌ವಾರು ಲೆಕ್ಕ ಇಡದೆ ಗತ್ಯಂತರವಿಲ್ಲ. ಕಡೆಯಲ್ಲಿ ಬಿಲ್ಲು, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲು, ಲಾರಿ, ಆಮೇಲೆ ಹಣಕ್ಕಾಗಿ ಕಾಯುವಿಕೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಆದರೆ ಯಾವ ಬಿಲ್ಲಿಗೆ ಎಷ್ಟು ದಿನವಾಯಿತು ಎಂಬ ಪಟ್ಟಿಯೇ ಇಲ್ಲದವರಿಗೆ ಆ ಕಾನೂನು ಇದ್ದೂ ಇಲ್ಲದಂತೆ.

ಈ ಹಾದಿಯನ್ನೆಲ್ಲ ಒಂದು ದೊಡ್ಡ ಹಾಳೆಯ ಮೇಲೆ ಬರೆಯಿರಿ. ಏನು ನಡೆಯಿತು, ಯಾರು ಬರೆದರು, ಎಲ್ಲಿ ಬರೆದರು, ಅದನ್ನು ಮುಂದೆ ಯಾರು ಓದುತ್ತಾರೆ, ಓದಿ ಏನು ತೀರ್ಮಾನಿಸುತ್ತಾರೆ ಎಂಬ ಐದು ಕಾಲಂ ಸಾಕು. ಕಡೆಯ ಕಾಲಂ ಖಾಲಿ ಉಳಿದ ದಾಖಲೆಯನ್ನು ಯಾರಿಗೂ ಬೇಡದ ದುಡಿಮೆ ಎಂದು ತಕ್ಷಣ ಹೇಳಿಬಿಡಬಾರದು, ಕಾನೂನಿಗಾಗಿ ಇಡುವ ದಾಖಲೆಗಳೂ ಇರುತ್ತವೆ. ಆದರೂ ಪ್ರತಿ ಖಾಲಿ ಜಾಗದ ಎದುರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ಹಾಳೆಯ ಮೇಲೆ ಏನನ್ನು ಹುಡುಕಬೇಕು

ಒಂದೇ ಸಂಗತಿ ಎರಡು ಮೂರು ಕಡೆ ಬರೆಯಲ್ಪಟ್ಟಿದೆಯೇ ಎಂದು ನೋಡಿ, ತಪ್ಪುಗಳು ಹುಟ್ಟುವುದು ಬಹುಮಟ್ಟಿಗೆ ಅಲ್ಲಿ. ಬರೆಯದೆ ಕೇವಲ ಹಿರಿಯ ಮೇಸ್ತ್ರಿಯ ನೆನಪಿನಲ್ಲಿರುವುದು ಯಾವುದು ಎಂದೂ ಕೇಳಿ. ಇವೆರಡಕ್ಕಿಂತ ಕಷ್ಟವಾದದ್ದು, ದಾಖಲೆ ಸರಿಯಾಗಿದ್ದೂ ನಷ್ಟವನ್ನು ಮರೆಮಾಡುವ ಸ್ಥಳವನ್ನು ಗುರುತಿಸುವುದು. ಫೌಂಡ್ರಿಯ ರಿಜೆಕ್ಷನ್ ಇದಕ್ಕೆ ಒಳ್ಳೆಯ ನಿದರ್ಶನ. ಕೆಟ್ಟ ಎರಕ ಮತ್ತೆ ಫರ್ನೇಸಿಗೆ ಹೋಗುವುದರಿಂದ ಸ್ಟಾಕ್ ಪುಸ್ತಕದಲ್ಲಿ ಲೋಹದ ತೂಕ ಹೆಚ್ಚುಕಡಿಮೆ ಸರಿಹೊಂದುತ್ತದೆ, ಏನೂ ಕಳೆದಂತೆ ಕಾಣುವುದಿಲ್ಲ. ಕಳೆದದ್ದು ವಿದ್ಯುತ್ತು, ಮರಳು, ಕೂಲಿ ಮತ್ತು ಸಮಯ. ತಿಂಗಳಿಗೆ 100 ಟನ್ ಹೊಯ್ಯುವ ಘಟಕದಲ್ಲಿ ಶೇ. 8ರಷ್ಟು ರಿಜೆಕ್ಷನ್ ಇದೆ, ಲೋಹದ ಬೆಲೆಯನ್ನು ಬಿಟ್ಟು ಉಳಿದ ಖರ್ಚು ಕಿಲೋಗೆ 25 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ತಿಂಗಳಿಗೆ 8,000 ಕಿಲೋ, ಅಂದರೆ 2 ಲಕ್ಷ ರೂಪಾಯಿ ಕಣ್ಣಿಗೆ ಬೀಳದೆ ಹೋಗುತ್ತದೆ. ಯಾವ ಪ್ಯಾಟರ್ನಿನಲ್ಲಿ, ಯಾವ ಪಾಳಿಯಲ್ಲಿ, ಯಾವ ಕಾರಣಕ್ಕೆ ಕೆಟ್ಟಿತು ಎಂಬುದನ್ನು ಪ್ರತಿದಿನ ದಾಖಲಿಸಿ, ಅದರ ಬಲದಿಂದ ಪ್ರಮಾಣವನ್ನು ಶೇ. 6ಕ್ಕೆ ಇಳಿಸಿದರೆ ತಿಂಗಳಿಗೆ 50,000 ರೂಪಾಯಿ ಉಳಿಯುತ್ತದೆ. ಸಾಫ್ಟ್‌ವೇರಿಗೆ ಎಷ್ಟು ಖರ್ಚು ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಂಥ ಲೆಕ್ಕದಲ್ಲಿ, ಮಾರಾಟಗಾರನ ಡೆಮೋದಲ್ಲಿ ಅಲ್ಲ.

ಉಪಕರಣಗಳು

ಈಗ ಸ್ಪ್ರೆಡ್‌ಶೀಟ್ ತೆರೆಯಬಹುದು. ಎಕ್ಸೆಲ್ ಇಲ್ಲದಿದ್ದರೆ ಉಚಿತವಾದ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಗಿರಾಕಿಗಳು, ಭಾಗಗಳು, ಆರ್ಡರುಗಳು, ಡಿಸ್ಪ್ಯಾಚ್ ಎಂದು ನಾಲ್ಕು ಪ್ರತ್ಯೇಕ ಹಾಳೆಗಳನ್ನು ಮಾಡಿ, ಪ್ರತಿಯೊಬ್ಬ ಗಿರಾಕಿಗೂ ಪ್ರತಿಯೊಂದು ಭಾಗಕ್ಕೂ ಒಂದು ಕೋಡ್ ಕೊಟ್ಟು, ಉಳಿದ ಹಾಳೆಗಳಲ್ಲಿ ಹೆಸರಿನ ಬದಲು ಆ ಕೋಡನ್ನೇ ಬಳಸಿ. ಇದರ ಅಗತ್ಯ ನಮ್ಮವರಿಗೆ ಬೇಗ ಮನವರಿಕೆಯಾಗುತ್ತದೆ. 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದ ನಂತರವೂ ಹಳೆಯ ಕಡತಗಳಲ್ಲಿ ಬೆಲ್ಗಾಮ್, ಬಿಜಾಪುರ ಎಂದೇ ಉಳಿದಿವೆ, ಯಂತ್ರದ ಪಾಲಿಗೆ ಅವು ನಾಲ್ಕು ಬೇರೆ ಬೇರೆ ಊರುಗಳು. ಊರುವಾರು ಮಾರಾಟ ಕೂಡಿಸಿದಾಗ ಮೊತ್ತ ಹರಿದು ಹಂಚಿಹೋಗುತ್ತದೆ. ಸಂಬಂಧಿತ ಕೋಷ್ಟಕಗಳ ಈ ಪದ್ಧತಿಯನ್ನು 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದರು. ನಾಲ್ಕು ಹಾಳೆಗಳ ಅಭ್ಯಾಸ ಕೈಗೆ ಹತ್ತಿದ ಮೇಲೆ ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯುಎಲ್ ಕಲಿಯುವುದು ಕೆಲವೇ ವಾರಗಳ ಕೆಲಸ.

ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ನಮ್ಮ ಪೇಟೆಯಲ್ಲಿ ಎಲ್ಲೆಡೆ ಇರುವುದರಿಂದ ಅದನ್ನು ಕಲಿಯಲೇಬೇಕು. ಅದರ ಶೈಕ್ಷಣಿಕ ಆವೃತ್ತಿಯಲ್ಲಿ ತಿಂಗಳ ಕೆಲವೇ ದಿನಾಂಕಗಳಲ್ಲಿ ನಮೂದಿಸಲು ಸಾಧ್ಯವಾದರೂ ಅಭ್ಯಾಸಕ್ಕೆ ತೊಂದರೆಯಿಲ್ಲ. ಲೆಕ್ಕಪತ್ರ, ಸ್ಟಾಕ್, ಉತ್ಪಾದನೆ, ಸಂಬಳ ಇವೆಲ್ಲ ಒಂದೇ ಡೇಟಾಬೇಸಿನ ಮೇಲೆ ನಡೆಯುವ ಇಆರ್‌ಪಿಯನ್ನು ನೋಡಬೇಕೆನ್ನುವವರು ಭಾರತದಲ್ಲೇ ಹುಟ್ಟಿದ, ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿ ಆ 200 ಭಾಗಗಳ ಆರ್ಡರನ್ನು ಮೊದಲಿಂದ ಕಡೆಯವರೆಗೆ ನಮೂದಿಸಿ ನೋಡಬಹುದು. ನಿಮ್ಮ ಹಾಳೆಯ ಮೇಲಿನ ಯಾವ ಹೆಜ್ಜೆಗೆ ಅದರಲ್ಲಿ ಜಾಗವಿಲ್ಲವೋ ಅದನ್ನು ಬರೆದಿಡಿ. ಮುಂದೆ ಆ ಜಾಗದಲ್ಲಿ ಫೌಂಡ್ರಿ ತನ್ನ ರೂಢಿಯನ್ನು ಬದಲಿಸಬೇಕೋ ಸಾಫ್ಟ್‌ವೇರನ್ನು ಬದಲಿಸಬೇಕೋ ಎಂಬ ಜಗಳ ನಡೆಯುತ್ತದೆ.

ಒಂದು ವ್ಯವಹಾರದ ಗೋಡೆಯಾಚೆಗೆ

ಜಿಎಸ್‌ಟಿಯನ್ನು ತೆರಿಗೆಯೆಂದು ಮಾತ್ರ ಓದುವವರು ದೇಶದ ಅತಿ ದೊಡ್ಡ ಮಾಹಿತಿ ವ್ಯವಸ್ಥೆಗಳಲ್ಲೊಂದನ್ನು ಕಣ್ಣೆದುರಿಗಿದ್ದೂ ನೋಡದೆ ಬಿಡುತ್ತಾರೆ. ಮಾರಿದವನು ತನ್ನ ಬಿಲ್ಲುಗಳನ್ನು ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1ರಲ್ಲಿ ಸಲ್ಲಿಸಿದರೆ ಅವು ಕೊಂಡವನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಮೂಡುತ್ತವೆ. 2022ರ ಜನವರಿ 1ರಿಂದ, ಹಾಗೆ ಮೂಡದ ಬಿಲ್ಲಿನ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಕೊಂಡವನಿಗೆ ಸಿಗುವುದಿಲ್ಲ. ಅಂದರೆ ನಿಮ್ಮ ಫೌಂಡ್ರಿಗೆ ಸ್ಕ್ರ್ಯಾಪ್ ಮಾರುವವನ ಕಚೇರಿಯ ಶಿಸ್ತು ನಿಮ್ಮ ಕೈಯಲ್ಲಿರುವ ನಗದನ್ನು ನಿರ್ಧರಿಸುತ್ತದೆ. ಯಾರಿಂದ ಕೊಳ್ಳಬೇಕು ಎಂಬ ತೀರ್ಮಾನಕ್ಕೆ ದರದ ಜತೆ ಈ ಶಿಸ್ತನ್ನೂ ಅಳೆಯುವುದು ಸೇರಿಕೊಂಡಿದೆ. 5 ಕೋಟಿ ರೂಪಾಯಿಗೆ ಮೇಲ್ಪಟ್ಟ ವಹಿವಾಟಿನವರು 2023ರ ಆಗಸ್ಟ್ 1ರಿಂದ ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಮೊದಲೇ ಇ-ಇನ್‌ವಾಯ್ಸ್ ಪೋರ್ಟಲಿನಲ್ಲಿ ನೋಂದಾಯಿಸಿ ಕ್ಯೂಆರ್ ಕೋಡ್ ಪಡೆಯಬೇಕಾಗಿದೆ. ಹೀಗಾಗಿ ಲಾರಿ ಗೇಟಿನಲ್ಲಿ ನಿಂತಿರುವಾಗ ಇಂಟರ್ನೆಟ್ ಕೈಕೊಟ್ಟರೆ ಏನು ಮಾಡುತ್ತೀರಿ ಎಂಬುದನ್ನೂ ನಿಮ್ಮ ಅಧ್ಯಯನದಲ್ಲಿ ಕೇಳಬೇಕು.

ಮಾಹಿತಿಯು ಬೆಲೆಯನ್ನೇ ಬದಲಿಸುವ ರೀತಿಯನ್ನು ನೋಡಲು ಎಪಿಎಂಸಿಯ (ಕೃಷಿ ಮಾರುಕಟ್ಟೆ ಸಮಿತಿಯ) ಇ-ಟೆಂಡರ್ ಒಳ್ಳೆಯದು. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ರೈತನ ಮಾಲಿಗೆ ಲಾಟ್ ನಂಬರ್ ಸಿಗುತ್ತದೆ, ಖರೀದಿದಾರರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ನಮೂದಿಸುತ್ತಾರೆ, ಗೆದ್ದ ದರ ರೈತನ ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ಒಣದ್ರಾಕ್ಷಿಯನ್ನು ತಾಸಗಾಂವ, ಸಾಂಗ್ಲಿಗಳಿಗೂ ಒಯ್ಯುವ ವಿಜಯಪುರದ ಬೆಳೆಗಾರರೊಡನೆ ಮಾತನಾಡಿದರೆ, ದರದ ಪಾರದರ್ಶಕತೆಯೊಂದರಿಂದಲೇ ಮಾರುಕಟ್ಟೆ ಕಟ್ಟಲಾಗದು, ಕೊಳ್ಳುವವರ ಸಂಖ್ಯೆ, ಸಂಗ್ರಹ, ಹಣ ಬರುವ ವೇಗ ಇವೂ ಬೇಕು ಎಂಬುದು ತಿಳಿಯುತ್ತದೆ.

ಕಾವಲು

ಸರಕು ಕೊಳ್ಳಲು ಆರ್ಡರ್ ಮಾಡುವವನೇ ಸರಕು ಬಂದಿದೆ ಎಂದು ಸಹಿ ಮಾಡಿ, ಅವನೇ ಹಣವನ್ನೂ ಪಾವತಿಸುವ ವ್ಯವಸ್ಥೆಯಲ್ಲಿ ಕಳ್ಳತನವನ್ನು ಪತ್ತೆ ಹಚ್ಚುವುದು ಕಷ್ಟ. ಬೇರೆ ಬೇರೆ ಪಾಸ್‌ವರ್ಡ್, ಬೇರೆ ಬೇರೆ ಅಧಿಕಾರ ಎಂಬ ನಿಯಮ ಇದಕ್ಕಾಗಿ ಇದೆ. ಎಲ್ಲರೂ ಮಾಲಕರ ಪಾಸ್‌ವರ್ಡಿನಲ್ಲೇ ಕೆಲಸ ಮಾಡುವ ಅಂಗಡಿಯಲ್ಲಿ ಆ ನಿಯಮ ಕಾಗದದ ಮೇಲಷ್ಟೇ ಉಳಿಯುತ್ತದೆ. ನೋಂದಾಯಿತ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬುದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಇನ್ನು ಬ್ಯಾಕಪ್: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಟ್ಟಡದ ಹೊರಗೆ. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರಿಂದ ಡೇಟಾವನ್ನು ಮರಳಿ ತಂದು ನೋಡಿದ್ದು ಯಾವಾಗ ಎಂದು ಕೇಳಬೇಕು.

ಕಲಿತದ್ದನ್ನೆಲ್ಲ ಎರಡು ಪುಟದ ವರದಿಯಾಗಿ ಬರೆದು, ಮಾಲಕರಿಗಿಂತ ಮೊದಲು ಸ್ಟೋರ್ ಕೀಪರ್ ಮತ್ತು ಫರ್ನೇಸಿನ ಮೇಸ್ತ್ರಿಗೆ ಓದಿ ಹೇಳಿ. ನಿಮಗೆ ಕಾಣದ ಚೀಟಿಗಳು ಆಗ ಹೊರಬರುತ್ತವೆ. ಆ ತಿದ್ದುಪಡಿಗಳಾದ ಮೇಲೆ ಇನ್ನೊಂದು ಆರ್ಡರನ್ನು ಆರಿಸಿ, ಈ ಸಲ ಗಿರಾಕಿಯಿಂದ ತಿರಸ್ಕೃತವಾಗಿ ಮರಳಿದ ಮಾಲಿನದು ಇರಲಿ. ಹೊರಗೆ ಹೋಗುವ ಮಾಲಿಗೆ ಎಲ್ಲ ಕಡೆಯೂ ದಾಖಲೆಯಿರುತ್ತದೆ, ಮರಳಿ ಬರುವ ಮಾಲು ಬಹಳ ಕಡೆ ಗೇಟಿನ ರಿಜಿಸ್ಟರಿನಲ್ಲೇ ನಿಂತುಬಿಡುತ್ತದೆ. ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತವನ್ನು ಕಡಿಮೆ ಮಾಡುವ ಪತ್ರ) ಯಾರು ಕೊಟ್ಟರು, ಸ್ಟಾಕಿಗೆ ಯಾವ ತೂಕ ಸೇರಿತು, ಕೆಟ್ಟ ಕಾರಣ ಫರ್ನೇಸಿನವರೆಗೆ ತಲುಪಿತೇ ಎಂಬುದನ್ನು ಅದೇ ಐದು ಕಾಲಂಗಳಲ್ಲಿ ಹೀಟ್ ನಂಬರ್ ಸಮೇತ ಬರೆಯಿರಿ.