ಇಳಿತದಲ್ಲೂ ಮುಳುಗಿರುವ ಏಡಿ ಬೋನು: ನನ್ನ ಅನುಭವ

"ಎಂತ ಮಾರಾಯಾ, ಬೋನನ್ನ ಹೊಳೆ ತಳಕ್ಕೆ ಹಾಕ್ತ್ಯಾ? ಮತ್ತೆ ಹುಡುಕೋದು ಯಾರು?" ನಮ್ಮ ದಕ್ಕೆಯಲ್ಲಿ ಮಾವನೊಬ್ಬರು ಹೀಗೆ ಕೇಳಿ ನಾಲ್ಕು ವರ್ಷ ಆಯ್ತು. ಸುತ್ತ ನಿಂತವರೆಲ್ಲ ನಕ್ಕಿದ್ದರು. ಈಗ ಅದೇ ದಕ್ಕೆಯ ಐದಾರು ಜನ ಹಾಗೆಯೇ ಹಾಕುತ್ತಿದ್ದಾರೆ. ಆ ಮಾವ ಕೂಡ.

ನಂದು ಅಘನಾಶಿನಿ ಹಿನ್ನೀರು, ಕುಮಟಾ ಕಡೆಯದು. ಬೋನು ಹೆಣೆಯುವುದು, ಏಡಿಯ ಕೊಂಬು (ಕಚ್ಚುವ ಮುಂಗಾಲು) ಕಟ್ಟುವುದು ಎಲ್ಲ ನಿಮಗೆ ಗೊತ್ತಿರುವುದೇ. ಎಲ್ಲಿ ಇಡಬೇಕು ಅನ್ನುವುದನ್ನು ಮಾತ್ರ ಹೇಳುತ್ತೇನೆ, ನಾನು ದುಡ್ಡು ಕಳೆದುಕೊಂಡು ಕಲಿತದ್ದು ಅದೊಂದೇ.

ಮೊದಲ ಏಳೆಂಟು ವರ್ಷ ನಾನೂ ಎಲ್ಲರ ಹಾಗೆ ಭರತ ಏರುವಾಗ ಕಾಂಡ್ಲಾ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಗಿಡ) ಬೇರಿನ ಪಕ್ಕ ಬೋನಿಟ್ಟು, ನೀರು ಇಳಿಯುವಾಗ ಎತ್ತುತ್ತಿದ್ದೆ. ಸಿಗುತ್ತಿದ್ದದ್ದು ಇನ್ನೂರು, ಇನ್ನೂರೈವತ್ತು ಗ್ರಾಂ ಮರಿಗಳು. ಎತ್ತುವುದು ಸ್ವಲ್ಪ ತಡವಾದರೆ ಬೋನು ಕೆಸರಿನ ಮೇಲೆ ಒಣಗುತ್ತಿತ್ತು, ಏಡಿ ಬಿಸಿಲಿಗೆ ನೊರೆ ಕಾರಿ ಸುಸ್ತಾಗುತ್ತಿತ್ತು. ಸತ್ತ ಏಡಿಗೆ ಯಾರು ದುಡ್ಡು ಕೊಡ್ತಾರೆ? ಮೇಲೆ ತೇಲುವ ಬಾಟಲಿ ಕಟ್ಟಿದರೆ ಬೋನು ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು. ಒಂದೇ ವರ್ಷ ಆರು ಬೋನು ಕಳುವಾದವು.

ಒಂದು ಏಪ್ರಿಲ್‌ನಲ್ಲಿ ಬೇರಿಗೆ ಕಟ್ಟಿದ ಹಗ್ಗ ಬಿಚ್ಚಿಹೋಗಿ ಬೋನೊಂದು ಜಾರಿ ಹೊಳೆಯ ನಡು ಹರಿವಿಗೆ ಬಿದ್ದಿತ್ತು. ಎರಡು ದಿನ ಬಿಟ್ಟು, ನೀರು ಪೂರ್ತಿ ಇಳಿದಾಗ ಪಾತಿ ದೋಣಿಯ ಗಳಕ್ಕೆ ಅದು ತಾಗಿತು. ಎತ್ತಿದರೆ ಮೂರು ಏಡಿ. ಒಂದು ಗಂಡು, ನೆನಪಿನ ಮೇಲೆ ಹೇಳುವುದಾದರೆ ಒಂಬೈನೂರು ಗ್ರಾಂ ದಾಟಿತ್ತು. ಕೊಂಬಿನ ಬುಡ ನನ್ನ ಮುಷ್ಟಿಯಷ್ಟು ದಪ್ಪ, ಚಿಪ್ಪಿನ ಮೇಲೆ ಹಸಿರು ಪಾಚಿ, ಒತ್ತಿದರೆ ಕಲ್ಲು. ಮೂರೂ ಚುರುಕಾಗಿದ್ದವು, ನೀರು ಬಿಟ್ಟು ಮೇಲೆ ಬಂದೇ ಇರಲಿಲ್ಲವಲ್ಲ. ಆವತ್ತೇ ತಲೆಗೆ ಹೋಯಿತು: ಮರಿಗಳು ಕಾಂಡ್ಲಾ ಬುಡಕ್ಕೆ ಏರಿ ಇಳಿಯುತ್ತವೆ, ದೊಡ್ಡವು ಹೆಚ್ಚಾಗಿ ಹರಿವಿನ ಆಳದಲ್ಲೇ ಇರುತ್ತವೆ. ನಾವು ದಡದ ಮೇಲೆ ಕಾಯುತ್ತಿದ್ದೆವು.

ಗೊತ್ತಾದ ಮೇಲೂ ಸುಲಭ ಆಗಲಿಲ್ಲ. ಮುಂದಿನ ಅಕ್ಟೋಬರಿಗೆ ಇಪ್ಪತ್ತನಾಲ್ಕು ಬೋನು ಮಾಡಿಸಿದೆ, ಒಂದಕ್ಕೆ ಮುನ್ನೂರೈವತ್ತು ರೂಪಾಯಿಯ ಹಾಗೆ ಬಿತ್ತು. ಒಂದೊಂದು ಇಟ್ಟಿಗೆ ಕಟ್ಟಿ ಬಿಟ್ಟೆ. ಅಮಾವಾಸ್ಯೆಯ ಸೆಳೆತಕ್ಕೆ ಒಂಬತ್ತು ಉರುಳಿಕೊಂಡು ಹೋದವು, ಒಂದೂ ಸಿಗಲಿಲ್ಲ. ಉಳಿದವುಗಳಲ್ಲಿ ನಾಲ್ಕನ್ನು ಗಜನಿಯ (ಉಪ್ಪುನೀರಿನ ಗದ್ದೆ) ಜಂತ್ರಡಿ, ಅಂದರೆ ನೀರು ತಡೆಯುವ ಬಾಗಿಲು, ಅದರ ಒಳಗಿನ ಗುಂಡಿಯಲ್ಲಿ ಇಟ್ಟೆ. ಸೆಳೆತ ಇಲ್ಲ, ಕಳ್ಳರ ಕಾಟ ಇಲ್ಲ ಅಂದುಕೊಂಡೆ. ಬೆಳಿಗ್ಗೆ ಎತ್ತಿದರೆ ಏಳು ಏಡಿ, ಏಳೂ ಸತ್ತಿದ್ದವು. ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ನಿಂತ ನೀರಿನ ತಳದಲ್ಲಿ ಏಡಿಗೂ ಉಸಿರು ಕಟ್ಟುತ್ತದೆ. ಹರಿವು ಇಲ್ಲದ ಜಾಗದಲ್ಲಿ ದಯವಿಟ್ಟು ಮುಳುಗಿಸಿ ಇಡಬೇಡಿ.

ಈಗ ಹೀಗೆ ಮಾಡುತ್ತೇನೆ. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಇಳಿತದ ದಿನ ಬೋನಿಲ್ಲದೆ ಸುಮ್ನೆ ಪಾತಿ ತೆಗೆದುಕೊಂಡು ಹೋಗುತ್ತೇನೆ. ಆವತ್ತೂ ಎರಡು ಮೊಳ ನೀರು ಉಳಿಯುವ ಗುಂಡಿಗಳನ್ನು ಗಳ ಹಾಕಿ ಗುರುತು ಮಾಡಿಕೊಳ್ಳುತ್ತೇನೆ. ಸಣ್ಣ ತೋಡು ದೊಡ್ಡ ಹಳ್ಳಕ್ಕೆ ಸೇರುವ ಬಾಯಿ, ಹಳ್ಳ ತಿರುಗುವಲ್ಲಿ ಕೊರೆದ ಹೊರದಂಡೆ, ಇವೆರಡೇ ನನಗೆ ದುಡ್ಡು ಕೊಟ್ಟ ಜಾಗ. ಚಿರೆಕಲ್ಲಿನ ಎರಡು ತುಂಡು ಬೋನಿನ ತಳಕ್ಕೇ ಕಟ್ಟಬೇಕು, ಪಕ್ಕಕ್ಕಲ್ಲ. ಬಾಯಿಗಳು ಹರಿವಿನ ಗುಂಟ ಇರಬೇಕು. ಏಡಿ ವಾಸನೆ ಹಿಡಿದು ಹರಿವಿನ ಕೆಳಗಡೆಯಿಂದ ಬರುತ್ತದೆ, ನೇರ ಬಾಯಿಗೇ ಬರಲಿ. ಅಡ್ಡ ಇಟ್ಟರೆ ಬಲೆ ಸುತ್ತ ಸುತ್ತಿ ಹೊರಟುಹೋಗುತ್ತದೆ. ಹಗ್ಗ ನೀರಿನಡಿಯ ಗೂಟಕ್ಕೆ, ಮೇಲೆ ಏನೂ ಕಾಣಬಾರದು. ಮತ್ತೆ ಹುಡುಕುವುದು ಕೊಕ್ಕೆ ಎಳೆದು. ಜಾಗ ತಪ್ಪದ ಹಾಗೆ ನಾನೊಂದು ಲೆಕ್ಕ ಇಟ್ಟುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ಕಳ್ಳರೂ ಓದುತ್ತಾರೆ.

ಅಷ್ಟಮಿ ನವಮಿಯ ಹೊತ್ತಿಗೆ ಸೆಳೆತ ಕಮ್ಮಿ, ಬೋನು ಅಲ್ಲಾಡಲ್ಲ, ಆದರೆ ಏಡಿಯೂ ಕಮ್ಮಿ. ಅಮಾವಾಸ್ಯೆಗೆ ಎರಡು ದಿನ ಮೊದಲು ಶುರು ಮಾಡಿ ಐದಾರು ದಿನ ಇಡುವುದು ನನಗೆ ಸರಿ ಬಂದಿದೆ.

ಎರೆಯ ವಿಷಯದಲ್ಲಿ ಎಲ್ಲ ಪ್ರಯೋಗ ಮಾಡಿದ್ದೇನೆ. ಕೋಳಿ ಕರುಳು ಅಗ್ಗ, ಆದರೆ ಸಣ್ಣಪುಟ್ಟ ಮೀನು ಒಂದೇ ಗಂಟೆಯಲ್ಲಿ ಕಿತ್ತು ಖಾಲಿ ಮಾಡುತ್ತವೆ. ತಾರ್ಲೆ ಮೀನು ಬೇಗ ಕರಗುತ್ತದೆ. ಬಂಗುಡೆ ತಲೆ ಪರವಾಗಿಲ್ಲ. ಹಾವುಮೀನಿನ ತುಂಡು ಎಲ್ಲಕ್ಕಿಂತ ಒಳ್ಳೆಯದು, ತೊಗಲು ಗಟ್ಟಿ, ಎರಡು ಭರತ ತಡೆಯುತ್ತದೆ. ಉಪ್ಪಿನಕಾಯಿ ಡಬ್ಬಿಗೆ ತೂತು ಕೊರೆದು ಅದರೊಳಗೆ ಎರೆ ಹಾಕಿದರೆ ವಾಸನೆ ಹೋಗುತ್ತದೆ, ತುಂಡು ಉಳಿಯುತ್ತದೆ. ನಾನು ಅದರ ಜೊತೆ ಇನ್ನೊಂದು ವಸ್ತು ಸೇರಿಸುತ್ತೇನೆ. ಅಡುಗೆಮನೆಯಲ್ಲೇ ಸಿಗುತ್ತದೆ, ಅಷ್ಟು ಮಾತ್ರ ಹೇಳಬಲ್ಲೆ.

ಒಂದು ವಿಷಯದಲ್ಲಿ ಮಾತ್ರ ಏನೂ ಮುಚ್ಚಿಡಲ್ಲ. ನಮ್ಮ ಹೊಳೆಯಲ್ಲಿ ನೀರುನಾಯಿ ಇವೆ. ಎರಡನೇ ವರ್ಷ ಒಂದು ಬೋನಿನ ಬಲೆ ಹರಿದು, ದಡದ ಕಲ್ಲಿನ ಮೇಲೆ ಬರೀ ಚಿಪ್ಪಿನ ಚೂರು ಬಿದ್ದಿತ್ತು. ನನಗೆ ಏಡಿ ಹೋದದ್ದಕ್ಕಿಂತ ಹೆದರಿಕೆ ಜಾಸ್ತಿ ಆಯಿತು. ದಡದ ಬೋನಿನಲ್ಲಿ ಸಿಕ್ಕಿಬಿದ್ದರೆ ನೀರುನಾಯಿ ಉಸಿರಾಡುತ್ತದೆ. ತಳದ ಬೋನಿನಲ್ಲಿ ಸಿಕ್ಕಿದರೆ ಉಸಿರು ಕಟ್ಟಿ ಸಾಯುತ್ತದೆ. ಅವತ್ತೇ ಎಲ್ಲ ಬೋನು ಮೇಲೆತ್ತಿ ಬಾಯಿಗೆ ಗಟ್ಟಿ ತಂತಿಯ ಚೌಕಟ್ಟು ಹಾಕಿದೆ. ಎತ್ತರ ಮೂರು ಇಂಚು ಚಿಲ್ಲರೆ ಮೀರಬಾರದು. ಏಡಿ ಚಪ್ಪಟೆ, ನುಸುಳಿ ಬರುತ್ತದೆ. ದೊಡ್ಡ ನೀರುನಾಯಿಯ ತಲೆ ಹಿಡಿಸಲ್ಲ. ಆಮೇಲೆ ಒಂದೂ ತೊಂದರೆ ಆಗಿಲ್ಲ. ಕೆಳಮೂಲೆಯಲ್ಲಿ ಎರಡು ಇಂಚಿನ ಕಿಂಡಿ ಬಿಟ್ಟರೆ ಮರಿಗಳೂ ತಾವೇ ಹೊರಗೆ ಹೋಗುತ್ತವೆ.

ನಡುವೆ ನೀರೇಡಿ ಕೊಬ್ಬಿಸುವ ಹುಚ್ಚೂ ಹಿಡಿದಿತ್ತು. ಚಿಪ್ಪು ಬದಲಿಸಿದ ಏಡಿಯೊಳಗೆ ಬರೀ ನೀರು, ಕೊಳ್ಳುವವರು ಅರ್ಧ ಬೆಲೆಯನ್ನೂ ಕೊಡಲ್ಲ. ತೂತಿನ ಡ್ರಮ್ಮಿನಲ್ಲಿ ಮೂವತ್ತು ಹಾಕಿ ತಿಂಗಳ ಹತ್ತಿರ ಸಾಕಿದೆ. ಒಂದನ್ನೊಂದು ತಿಂದು ಹನ್ನೆರಡೋ ಹದಿಮೂರೋ ಉಳಿದವು. ಒಂದೊಂದಕ್ಕೆ ಬೇರೆ ಬೇರೆ ಖಾನೆ ಮಾಡಿದರೆ ಆಗುತ್ತದೆ ಅಂತ ಈಗಲೂ ನಂಬಿದ್ದೇನೆ. ಇನ್ನೊಮ್ಮೆ ನೋಡಬೇಕು.

ದುಡ್ಡಿನ ಲೆಕ್ಕ ಅಂದಾಜಿನದು. ಮೊದಲು ಇಪ್ಪತ್ತು ಬೋನಿಗೆ ದಿನಕ್ಕೆ ಒಂದು ಕಿಲೋ ಬಂದರೆ ಹೆಚ್ಚು, ಅದೂ ಮರಿ. ಈಗ ಹದಿನೆಂಟು ಬೋನಿಗೆ ಒಳ್ಳೆಯ ದಿನ ಮೂರೂವರೆ ಕಿಲೋ, ಸಾಧಾರಣ ದಿನ ಎರಡು. ಅರ್ಧ ಕಿಲೋ ಮೇಲಿನ ಏಡಿಗೆ ಕಿಲೋಗೆ ಎಂಟುನೂರರ ಆಸುಪಾಸು ಸಿಕ್ಕಿದೆ, ಕಿಲೋ ದಾಟಿದ್ದಕ್ಕೆ ಸಾವಿರದ ಮೇಲೆ. ಮರಿಯ ಬೆಲೆ ಅದರ ಮೂರನೇ ಒಂದು ಪಾಲು. ಎರೆಗೆ ದಿನಕ್ಕೆ ಎಪ್ಪತ್ತು ಎಂಬತ್ತು ಖರ್ಚು. ಹೋದ ಸೀಸನ್ನಿನಲ್ಲಿ ಖರ್ಚು ಕಳೆದು ಒಂದು ಲಕ್ಷದ ಮೇಲೆ ಉಳಿಯಿತು. ನಮ್ಮ ದಕ್ಕೆಯಲ್ಲಿ ಪಾತಿ ಒಂದರಿಂದಲೇ ಅಷ್ಟು ಮಾಡಿದವರು ಬೇರೆ ಇಲ್ಲ. ತೂಕ ಮಾತ್ರ ನಿಮ್ಮದೇ ತಕ್ಕಡಿಯಲ್ಲಿ ಮಾಡಿ. ಒಬ್ಬ ವ್ಯಾಪಾರಿ ಕೊಂಬು ಕಟ್ಟಿದ ಹಗ್ಗದ ತೂಕ, ಕೆಸರಿನ ತೂಕ ಅಂತ ಎರಡು ವರ್ಷ ಕಿಲೋಗೆ ನೂರು ಗ್ರಾಂ ಕಳೆದಿದ್ದಾನೆ. ಒದ್ದೆ ಸೆಣಬು ಬಿಟ್ಟು ತೆಳು ಪ್ಲಾಸ್ಟಿಕ್ ದಾರ ಕಟ್ಟಲು ಶುರು ಮಾಡಿದ ಮೇಲೆ ಆ ಮಾತು ನಿಂತಿತು.

ಜೂನ್‌ನಲ್ಲಿ ಘಟ್ಟದಿಂದ ಕೆಂಪು ನೀರು ಇಳಿದ ಕೂಡಲೇ ಎಲ್ಲ ಬೋನು ಎತ್ತಿಬಿಡಿ. ಹೊಳೆ ಸಿಹಿಯಾದರೆ ಏಡಿ ಅಳಿವೆ ಬಾಯಿಗೆ ಸರಿಯುತ್ತದೆ, ತಳದ ಬೋನಿಗೆ ಮರದ ದಿಮ್ಮಿ ಬಡಿಯುತ್ತದೆ. ನನ್ನವು ಈಗ ತೊಳೆದು ಕೊಟ್ಟಿಗೆಯ ಜಂತಿಗೆ ನೇತಾಡುತ್ತಿವೆ. ಆರರ ಕಬ್ಬಿಣ ತುಕ್ಕು ತಿಂದಿದೆ. ಈ ಸಲ ಅವಕ್ಕೆ ಜಿಐ (ಸತು ಲೇಪಿಸಿದ) ಸರಳು ಹಾಕಿಸುತ್ತಿದ್ದೇನೆ.